ಬೇಡದ ಮೇಲ್: ಕಾನೂನು ಎಷ್ಟು, ನಮ್ಮ ಬೆರಳು ಎಷ್ಟು

ಹತ್ತಿಮತ್ತೂರಿನ ಹುಡುಗನೊಬ್ಬ ಕಳೆದ ತಿಂಗಳು ಸವಣೂರಿಗೆ ಬಂದು ನನ್ನ ಟೇಬಲ್ ಮೇಲೆ ಮೊಬೈಲ್ ಇಟ್ಟ. "ಸರ, ಇದು ಖರೇನೋ ಸುಳ್ಳೋ ಒಮ್ಮೆ ನೋಡ್ರಿ." ರೈಲ್ವೆಯಲ್ಲಿ ಕ್ಲರ್ಕ್ ಹುದ್ದೆಗೆ ಆಯ್ಕೆಯಾಗಿದ್ದೀರಿ, ದಾಖಲೆ ಪರಿಶೀಲನೆಗೆ ನಾಳೆ ಸಂಜೆಯೊಳಗೆ 2,450 ರೂಪಾಯಿ ಕಟ್ಟಿ ಎಂಬ ಇಮೇಲ್. ಸಿಂಹದ ಲಾಂಛನ, ದುಂಡನೆಯ ಸೀಲು, ಹಸಿರು ಶಾಯಿಯ ಸಹಿ ಎಲ್ಲ ಇತ್ತು. ಕಳಿಸಿದವರ ವಿಳಾಸದ ಕೊನೆಯಲ್ಲಿ ಮಾತ್ರ ಜಿಮೇಲ್ ಡಾಟ್ ಕಾಮ್.

"ಪರೀಕ್ಷೆ ಬರದಿದ್ದೇನೋ ತಮ್ಮಾ?"

"ಇಲ್ರಿ. ಅದಕ್ಕ ಕೇಳಾಕ ಬಂದೆ."

ಬಂದದ್ದು ಒಳ್ಳೆಯದೇ ಆಯಿತು, ಇನ್ನೂ ದುಡ್ಡು ಕಟ್ಟಿರಲಿಲ್ಲ. ಅವನ ಇನ್‌ಬಾಕ್ಸ್ ತೆರೆದು ನೋಡಿದರೆ ಓದದ ಮೇಲ್‌ಗಳು 4,312. ಸಾಲ ಕೊಡುತ್ತೇವೆ, ಲಾಟರಿ ಹತ್ತಿದೆ, ವರ ಬೇಕೇ, ವಧು ಬೇಕೇ. ವಿಳಾಸ ಮಾಡಿಕೊಟ್ಟವರು ಯಾರೆಂದರೆ ಆನ್‌ಲೈನ್ ಸೆಂಟರಿನವರು. ಪಾಸ್‌ವರ್ಡ್ ಅವನ ಹೆಸರೇ, ಹಿಂದೆ 123. ನಮ್ಮ ಹಳ್ಳಿಗಳಿಗೆ ಇಮೇಲ್ ಬಂದದ್ದು ಪತ್ರ ಬರೆಯಲಿಕ್ಕಲ್ಲ. ಹೊಸ ಮೊಬೈಲಿನಲ್ಲಿ ಆ್ಯಪ್ ಇಳಿಸಿಕೊಳ್ಳಲು ಅದು ಬೇಕು, ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಕೆಂಪು ಚುಕ್ಕಿ ಹಾಕಿದ ಖಾನೆಗೆ ಬೇಕು. ಹಾಗೆ ಹುಟ್ಟಿದ ವಿಳಾಸವನ್ನು ಅವನು ಕೋಚಿಂಗ್ ಕ್ಲಾಸಿಗೆ, ಬಟ್ಟೆ ಅಂಗಡಿಯ ಲಕ್ಕಿ ಡ್ರಾಗೆ, ಹೆಸರೇ ನೆನಪಿಲ್ಲದ ನಾಲ್ಕು ನೌಕರಿ ತಾಣಗಳಿಗೆ ಕೊಟ್ಟಿದ್ದ. ಮದುವೆ ಕಾರ್ಡು ಹಂಚಿದಂತೆ ಹಂಚಿ ಆಗಿತ್ತು.

ಇದಕ್ಕೆ ಕಾನೂನು ಇಲ್ಲವೇ ಎಂದು ಅವನು ಕೇಳಿದ. ಇದೆ ಎನ್ನಲಿಕ್ಕೂ ಆಗದು, ಇಲ್ಲ ಎನ್ನಲಿಕ್ಕೂ ಆಗದು. ಬೇಡದ ಜಾಹೀರಾತು ಮೇಲ್, ಅಂದರೆ ಸ್ಪ್ಯಾಮ್, ಕಳಿಸುವುದೇ ಅಪರಾಧ ಎನ್ನುವ ಪ್ರತ್ಯೇಕ ಕಾಯ್ದೆ ಭಾರತದಲ್ಲಿ ಇಲ್ಲ. ಅಮೆರಿಕದಲ್ಲಿ 2003ರಲ್ಲೇ ಇಂಥ ಮೇಲ್‌ಗೆಂದೇ ಒಂದು ಕಾಯ್ದೆ ಬಂತು. ಬೇಡ ಎಂದ ಮೇಲೆ ಹತ್ತು ಕೆಲಸದ ದಿನಗಳೊಳಗೆ ಕಂಪನಿ ಮೇಲ್ ನಿಲ್ಲಿಸಬೇಕು ಎನ್ನುತ್ತದೆ ಅದು. ನಮ್ಮಲ್ಲಿ ಸ್ವಲ್ಪ ಹತ್ತಿರ ಬಂದದ್ದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 66ಎ. ಕಿರಿಕಿರಿ ಮಾಡಲು ಅಥವಾ ಎಲ್ಲಿಂದ ಬಂತೆಂದು ದಿಕ್ಕು ತಪ್ಪಿಸಲು ಕಳಿಸುವ ಮೇಲ್ ಅದರಡಿ ಅಪರಾಧವಾಗಿತ್ತು. ಆದರೆ ಆ ಕಲಮಿನ ಪೆಟ್ಟು ಬಿದ್ದದ್ದು ಸ್ಪ್ಯಾಮ್ ಕಳಿಸುವವರಿಗಿಂತ ಫೇಸ್‌ಬುಕ್ಕಿನಲ್ಲಿ ಮನಸ್ಸಿನ ಮಾತು ಬರೆದವರಿಗೆ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇಡಿಯಾಗಿ ರದ್ದು ಮಾಡಿತು. ತೀರ್ಪು ಸರಿಯಾದದ್ದೇ ಎನ್ನುವವನು ನಾನು. ಆದರೆ ತೆರವಾದ ಆ ಜಾಗದಲ್ಲಿ ಸ್ಪ್ಯಾಮ್ ಮಟ್ಟಿಗೆ ಬೇರೇನೂ ಬಂದು ಕೂತಿಲ್ಲ.

ಡಿಎನ್‌ಡಿ ಹಾಕಿಸಿದರೆ ಮೇಲ್ ನಿಲ್ಲುತ್ತದೆ ಎಂದು ನಂಬಿದವರು ಬಹಳ ಜನ. 1909ಕ್ಕೆ ನೋಂದಾಯಿಸುವ ಆ ವ್ಯವಸ್ಥೆ ನಡೆಯುವುದು ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2018ರ ನಿಯಮದಡಿ. ಅದು ಕರೆಗೆ ಮತ್ತು ಎಸ್ಸೆಮ್ಮೆಸ್ಸಿಗೆ ಮಾತ್ರ. ಇಮೇಲ್ ಅದರ ಸರಹದ್ದಿನ ಹೊರಗೆ.

ನಿಜವಾಗಿ ನಮ್ಮ ಕೈಗೆ ಬರುತ್ತಿರುವ ಹಕ್ಕು ಇರುವುದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರಲ್ಲಿ. ಇಮೇಲ್ ವಿಳಾಸವೂ ನಿಮ್ಮ ದತ್ತಾಂಶವೇ. ಅದನ್ನು ಬಳಸಲು ಒಪ್ಪಿಗೆ ಬೇಕು, ಅದೂ ಯಾವ ಕೆಲಸಕ್ಕೆ ಕೊಟ್ಟಿರೋ ಆ ಕೆಲಸಕ್ಕೆ ಮಾತ್ರ. ಕೋಚಿಂಗ್ ಕ್ಲಾಸಿಗೆ ಸೇರಲು ಕೊಟ್ಟ ವಿಳಾಸವನ್ನು ಸಾಲದ ಕಂಪನಿಗೆ ದಾಟಿಸುವ ಹಾಗಿಲ್ಲ. ಒಪ್ಪಿಗೆ ಕೇಳುವ ಬರಹವನ್ನು ಕನ್ನಡದಲ್ಲಿ ಓದುವ ಆಯ್ಕೆ ಕೊಡಲೇಬೇಕು. ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಕೇಳಬಹುದು. ಕೊಟ್ಟಷ್ಟೇ ಸಲೀಸಾಗಿ ಒಪ್ಪಿಗೆ ಹಿಂಪಡೆಯಬಹುದು, ಮಾಹಿತಿ ಅಳಿಸಿ ಎನ್ನಬಹುದು. ಮೊದಲು ಆ ಸಂಸ್ಥೆಗೇ ದೂರು ಬರೆಯಬೇಕು, ಅಲ್ಲಿ ಬಗೆಹರಿಯದಿದ್ದರೆ ದತ್ತಾಂಶ ಸಂರಕ್ಷಣಾ ಮಂಡಳಿಗೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಆದರೆ ಒಪ್ಪಿಗೆ, ಅಳಿಸುವಿಕೆಯಂಥ ಮುಖ್ಯ ಕಲಮುಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶವಿದೆ, ಅಂದರೆ 2027ರ ಮೇ ತಿಂಗಳವರೆಗೆ. ಮಾಹಿತಿಗೆ ಸರಿಯಾದ ಭದ್ರತೆ ಇಡದೆ ಸೋರಿಹೋಗಲು ಬಿಟ್ಟ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೂ ದಂಡವಿದೆಯಲ್ಲ ಎಂದು ಹಿಗ್ಗಬೇಡಿ. ಆ ದಂಡ ಹೋಗುವುದು ಸರ್ಕಾರದ ಸಂಚಿತ ನಿಧಿಗೆ, ದೂರು ಕೊಟ್ಟವರಿಗೆ ಬಿಡಿಗಾಸೂ ಇಲ್ಲ. ಉಲ್ಟಾ, ಸುಳ್ಳು ದೂರು ಕೊಟ್ಟರೆ ನಮಗೇ 10,000 ರೂಪಾಯಿವರೆಗೆ ದಂಡ ಬೀಳಬಹುದು.

ಇಂದಿನ ಮಟ್ಟಿಗೆ ಕಾನೂನಿಗಿಂತ ಬಲವಾದದ್ದು ನಿಮ್ಮ ಪರದೆಯ ಮೇಲೇ ಇದೆ: ರಿಪೋರ್ಟ್ ಸ್ಪ್ಯಾಮ್ ಎಂಬ ಗುಂಡಿ. ಜನ ಇದನ್ನು ಬಿಟ್ಟು ಡಿಲೀಟ್ ಒತ್ತುತ್ತಾರೆ. ಡಿಲೀಟ್ ಒತ್ತಿದರೆ ಆ ಒಂದು ಮೇಲ್ ಹೋಯಿತು, ಅಷ್ಟೇ. ರಿಪೋರ್ಟ್ ಒತ್ತಿದರೆ ಕಳಿಸಿದವನ ಲೆಕ್ಕಕ್ಕೆ ಒಂದು ದೂರು ಏರುತ್ತದೆ. 2024ರ ಫೆಬ್ರುವರಿಯಿಂದ ಗೂಗಲ್ ತಂದಿರುವ ನಿಯಮ ನೋಡಿ: ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರ ಮೇಲೆ ಸ್ಪ್ಯಾಮ್ ದೂರು ಶೇ 0.3 ಮುಟ್ಟಬಾರದು. ಮುಟ್ಟಿದರೆ ಅವರ ಮೇಲ್ ಇನ್‌ಬಾಕ್ಸ್ ಸೇರುವುದೇ ಕಷ್ಟವಾಗುತ್ತದೆ. ಶೇ 0.3 ಅಂದರೆ ಸಾವಿರ ಜನರಲ್ಲಿ ಮೂವರು. ಪಂಚಾಯಿತಿ ಚುನಾವಣೆಯಲ್ಲೂ ಒಂದು ಓಟಿಗೆ ಇಷ್ಟು ತೂಕ ಇರುವುದಿಲ್ಲ.

ಹಾಗೆಂದು ಎಲ್ಲದಕ್ಕೂ ಅದನ್ನೇ ಒತ್ತಬಾರದು. ಗೊತ್ತಿರುವ ಕಂಪನಿ, ನೀವೇ ಹಿಂದೆ ವಿಳಾಸ ಕೊಟ್ಟದ್ದು ಎಂದಾದರೆ ಮೇಲಿನ ಸಾಲಿನಲ್ಲಿ ಕಳಿಸಿದವರ ಹೆಸರಿನ ಪಕ್ಕದ ಅನ್‌ಸಬ್‌ಸ್ಕ್ರೈಬ್ ಒತ್ತಿ; ದೊಡ್ಡ ಪ್ರಮಾಣದಲ್ಲಿ ಕಳಿಸುವವರು ಎರಡು ದಿನದೊಳಗೆ ನಿಲ್ಲಿಸಬೇಕೆಂದು ಅದೇ ನಿಯಮ ಹೇಳುತ್ತದೆ. ಗುರುತೇ ಇಲ್ಲದವರ ಮೇಲ್ ಆದರೆ ಅದರೊಳಗಿನ ಯಾವ ಕೊಂಡಿಯನ್ನೂ ಮುಟ್ಟಬೇಡಿ, "ಮೇಲ್ ಬೇಡ" ಎಂಬ ಕೊಂಡಿಯನ್ನು ಸಹ. ಒತ್ತಿದಿರೋ, ಈ ಮನೆಯಲ್ಲಿ ಜನ ಇದ್ದಾರೆ ಎಂದು ನೀವೇ ಬಾಗಿಲು ತೆಗೆದು ತೋರಿಸಿದಂತೆ. ಬೈದು ಉತ್ತರ ಬರೆಯುವುದೂ ಅಷ್ಟೇ.

ನಾವೇ ಸ್ಪ್ಯಾಮ್ ಬೆಳೆಸುವ ದಾರಿ ಇನ್ನೊಂದಿದೆ. ಗೃಹಪ್ರವೇಶದ ಕರೆಯನ್ನು ಇನ್ನೂರು ಜನರಿಗೆ ಒಟ್ಟಿಗೆ ಕಳಿಸುವಾಗ ಎಲ್ಲರ ವಿಳಾಸವನ್ನೂ ಮೇಲಿನ ಖಾನೆಯಲ್ಲೇ ತುಂಬುತ್ತೇವೆ. ಆ ಪಟ್ಟಿ ಒಬ್ಬರಿಂದ ಒಬ್ಬರಿಗೆ ಫಾರ್ವರ್ಡ್ ಆಗುತ್ತ ಎಲ್ಲೆಲ್ಲಿಗೋ ಹೋಗುತ್ತದೆ. ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಬಿಸಿಸಿ ಎಂಬ ಖಾನೆ ಇರುವುದು ಇದಕ್ಕೇ. ಇನ್ನು ಅರ್ಜಿ, ಬ್ಯಾಂಕು, ಪರೀಕ್ಷೆಗೆ ಒಂದು ವಿಳಾಸ, ಅಂಗಡಿ ಮತ್ತು ಲಕ್ಕಿ ಡ್ರಾಗೆ ಇನ್ನೊಂದು ಎಂದು ಇಟ್ಟುಕೊಂಡರೆ ಅರ್ಧ ತಲೆನೋವು ಇಳಿಯುತ್ತದೆ.

ಮೋಸದ ಮೇಲ್ ಆದರೆ ಕಥೆ ಬೇರೆ. ಅಲ್ಲಿ ಕಾನೂನು ಗಟ್ಟಿಯಾಗಿದೆ. ಇನ್ನೊಬ್ಬರ ಸೋಗು ಹಾಕಿ ಕಂಪ್ಯೂಟರ್ ಮೂಲಕ ವಂಚಿಸಿದರೆ ಐಟಿ ಕಾಯ್ದೆಯ ಕಲಂ 66ಡಿ ಪ್ರಕಾರ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಪಾಸ್‌ವರ್ಡ್ ಕದ್ದು ಬಳಸಿದರೆ 66ಸಿ, ಶಿಕ್ಷೆಯ ಪ್ರಮಾಣ ಅಷ್ಟೇ. ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 318, ವಂಚನೆ. ಈ ಕಲಮುಗಳೆಲ್ಲ ಇಲ್ಲದೆಯೂ 2005ರಲ್ಲೇ ದೆಹಲಿ ಹೈಕೋರ್ಟ್ ಸಾಫ್ಟ್‌ವೇರ್ ಕಂಪನಿಗಳ ಸಂಘವಾದ ನಾಸ್ಕಾಮ್‌ನ ಪ್ರಕರಣದಲ್ಲಿ ಇಂಥ ಸೋಗಿನ ಮೇಲ್ ಅಕ್ರಮ ಎಂದಿತ್ತು. ನಾಸ್ಕಾಮ್ ಹೆಸರಿನಲ್ಲಿ ಮೇಲ್ ಕಳಿಸಿ ಜನರ ಮಾಹಿತಿ ಎತ್ತುತ್ತಿದ್ದವರು ಕೊನೆಗೆ ರಾಜಿಯಾಗಿ 16 ಲಕ್ಷ ರೂಪಾಯಿ ಕೊಡಲು ಒಪ್ಪಿದರು.

ದುಡ್ಡು ಹೋಗಿದ್ದರೆ ಅತ್ತು ಕೂರದೆ ಮೊದಲು 1930ಕ್ಕೆ ಫೋನ್ ಮಾಡಿ. ಹಣ ಕೈಯಿಂದ ಕೈಗೆ ದಾಟುವ ಮೊದಲೇ ಖಾತೆಯಲ್ಲಿ ತಡೆಯಲು ಇರುವ ಸಹಾಯವಾಣಿ ಅದು, ಗಂಟೆಗಳ ಲೆಕ್ಕ. ಬ್ಯಾಂಕಿಗೂ ತಿಳಿಸಿ. ಆಮೇಲೆ ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲ್‌ನಲ್ಲಿ ದೂರು ದಾಖಲಿಸಿ ಅಥವಾ ಇಂಥ ಅಪರಾಧಗಳನ್ನು ನೋಡುವ ಹಾವೇರಿಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ನಿಮ್ಮ ಹತ್ತಿರದ ಠಾಣೆಯವರು "ಇದು ನಮ್ಮ ಹದ್ದಿಗೆ ಬರೂದಿಲ್ಲ" ಎಂದು ಕಳಿಸುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಂತೆ ಅಪರಾಧ ಎಲ್ಲೇ ನಡೆದಿರಲಿ ದೂರು ಬರೆದುಕೊಳ್ಳಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ ಸಿಗಬೇಕು.

ದೂರು ಕೊಡುವಾಗ ಎಲ್ಲರೂ ಮಾಡುವ ತಪ್ಪು ಒಂದಿದೆ: ಸ್ಕ್ರೀನ್‌ಶಾಟ್ ತೆಗೆದುಕೊಂಡು, ಸಿಟ್ಟಿಗೆ ಮೂಲ ಮೇಲನ್ನು ಅಳಿಸಿಬಿಡುತ್ತಾರೆ. ಮೇಲ್ ಯಾವ ಸರ್ವರ್‌ಗಳಿಂದ ದಾಟಿ ಬಂತೆಂಬ ಜಾಡು ಇರುವುದು ಕಣ್ಣಿಗೆ ಕಾಣದ ಅದರ ತಲೆಬರಹದಲ್ಲಿ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಮೂರು ಚುಕ್ಕಿ ಒತ್ತಿ, "ಶೋ ಒರಿಜಿನಲ್" ಎಂದರೆ ಅದು ಬಿಚ್ಚಿಕೊಳ್ಳುತ್ತದೆ. ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಇಡಿ.

ನಮ್ಮ ಹುಡುಗನದು ದುಡ್ಡು ಹೋಗಿರಲಿಲ್ಲವಲ್ಲ, ಪೋರ್ಟಲ್‌ನಲ್ಲಿ ಶಂಕಿತರನ್ನು ವರದಿ ಮಾಡುವ ಭಾಗದಲ್ಲಿ ಆ ಜಿಮೇಲ್ ವಿಳಾಸವನ್ನು ನಮೂದಿಸಿದೆವು. ಪಾಸ್‌ವರ್ಡ್ ಬದಲಿಸಿದೆವು, ಎರಡು ಹಂತದ ಪರಿಶೀಲನೆ ಹಾಕಿದೆವು. ಅವನ ಸ್ಪ್ಯಾಮ್ ಪೆಟ್ಟಿಗೆಯನ್ನೂ ಒಮ್ಮೆ ಜಾಲಾಡಿದೆವು, ಏಕೆಂದರೆ ಅಲ್ಲಿ ಬಿದ್ದದ್ದು 30 ದಿನಕ್ಕೆ ತಾನಾಗಿ ಅಳಿಯುತ್ತದೆ, ಒಮ್ಮೊಮ್ಮೆ ಅಸಲಿ ಹಾಲ್ ಟಿಕೆಟ್ಟೂ ಅಲ್ಲಿಯೇ ಬಿದ್ದಿರುತ್ತದೆ. ಅವನದರಲ್ಲಿ ಹಾಲ್ ಟಿಕೆಟ್ ಇರಲಿಲ್ಲ, ಕಾಲೇಜಿನಿಂದ ಬಂದ ಪತ್ರವೊಂದು ಇತ್ತು. ನಾಟ್ ಸ್ಪ್ಯಾಮ್ ಒತ್ತಿ ಹೊರಗೆ ತಂದ.

ಏಳುವಾಗ ಫೀಸು ಎಷ್ಟು ಎಂದು ಕೇಳಿದ. ಇಂಥದ್ದಕ್ಕೆಲ್ಲ ವಕೀಲರಿಗೆ ದುಡ್ಡು ಕೊಡಬೇಕಿಲ್ಲ, 15100ಕ್ಕೆ ಫೋನ್ ಮಾಡಿದರೆ ಕಾನೂನು ಸೇವೆಗಳ ಪ್ರಾಧಿಕಾರದವರು ಸಲಹೆ ಕೊಡುತ್ತಾರೆ ಎಂದೆ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು ಮತ್ತು ಆದಾಯ ಕಡಿಮೆ ಇರುವವರು ತಾಲ್ಲೂಕು ಸಮಿತಿಗೆ ಅರ್ಜಿ ಕೊಟ್ಟರೆ ಕೇಸಿಗೂ ಉಚಿತವಾಗಿ ವಕೀಲರು ಸಿಗುತ್ತಾರೆ. ಹುಡುಗ ನಂಬರನ್ನು ಅಂಗೈ ಮೇಲೆ ಬರೆದುಕೊಂಡ. "ನಮ್ಮವ್ವಗೂ ಒಂದು ಲಾಟರಿ ಮೇಲ್ ಬಂದೈತ್ರಿ, ನಾಳೆ ಆಕೀನ್ನೂ ಕರಕೊಂಡು ಬರ್ತೀನಿ" ಎಂದು ಬಸ್ ಸ್ಟ್ಯಾಂಡ್ ಕಡೆ ಓಡಿದ.