ಆಡಿಯೊ ಸಿ.ಡಿ.ಯಿಂದ ಧ್ವನಿ ಕಡತ: ಉಬುಂಟುವಿನಲ್ಲಿ ಒಂದು ಅಭ್ಯಾಸ ಪಾಠ

ತರಗತಿ: 9
ಅವಧಿ: 40 ನಿಮಿಷ
ಸಾಮಗ್ರಿ: ಉಬುಂಟು ಇರುವ ಕಂಪ್ಯೂಟರ್, ಸಿ.ಡಿ. ಡ್ರೈವ್, ಶಾಲೆಯ ಇಂಗ್ಲಿಷ್ ಆಲಿಸುವಿಕೆ ಸಿ.ಡಿ., ಸೌಂಡ್ ಜ್ಯೂಸರ್ ತಂತ್ರಾಂಶ

ಪಾಠದ ಅಗತ್ಯ
ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಡ್ರೈವ್ ಇರುವುದು ಅಪರೂಪ. ಅಭ್ಯಾಸ ಶಾಲೆಯ ಕಪಾಟಿನಲ್ಲಿರುವ ಸಿ.ಡಿ.ಗಳಲ್ಲಿ ಗೀರುಗಳು ಹೆಚ್ಚುತ್ತಿವೆ. ಇರುವ ಒಂದು ಡ್ರೈವ್ ಕೆಟ್ಟರೆ ಆ ಪಾಠಗಳೆಲ್ಲ ಮೂಕವಾಗುತ್ತವೆ. ಆದ್ದರಿಂದ ಈ ವಿಷಯ ಆರಿಸಿಕೊಂಡೆ.

ತೊಡಗಿಸಿಕೊಳ್ಳುವಿಕೆ
ವಿಂಡೋಸ್ ಕಂಪ್ಯೂಟರಿನಲ್ಲಿ ಸಿ.ಡಿ.ಯಿಂದ ನಕಲು ಮಾಡಿದ ಕಡತಗಳನ್ನು ಪೆನ್‌ಡ್ರೈವ್‌ನಲ್ಲಿ ತೋರಿಸಿದೆ. ಪ್ರತಿಯೊಂದರ ಗಾತ್ರ ಕೇವಲ 44 ಬೈಟ್. ಒಂದೂ ನುಡಿಯಲಿಲ್ಲ. ಕಾರಣ ಕೇಳಿದಾಗ ಒಬ್ಬ ವಿದ್ಯಾರ್ಥಿನಿ, "ವಿಳಾಸ ಮಾತ್ರ ಬಂದಿದೆ ಟೀಚರ್, ಮನೆ ಬಂದಿಲ್ಲ" ಎಂದಳು. ಆ ಮಾತನ್ನೇ ಕಪ್ಪುಹಲಗೆಯ ಮೇಲೆ ಬರೆದೆ. ಆಡಿಯೊ ಸಿ.ಡಿ.ಯಲ್ಲಿ ಧ್ವನಿ ಕಡತಗಳಾಗಿ ಇರುವುದಿಲ್ಲ. ಉದ್ದವಾದ ಸುರುಳಿ ಜಾಡಿನಲ್ಲಿ ಅಂಕಿಗಳಾಗಿ ಇರುತ್ತದೆ. ನಾವು ನಕಲು ಮಾಡಿದ ಚಿಕ್ಕ ಕಡತವು ಆ ಜಾಡಿನಲ್ಲಿ ಪಾಠ ಎಲ್ಲಿದೆ ಎಂಬುದನ್ನಷ್ಟೇ ಹೇಳುತ್ತದೆ.

ಪರಿಶೋಧನೆ
ಗುಂಪುಗಳಿಗೆ ಲೆಕ್ಕ ಕೊಟ್ಟೆ. ಸೆಕೆಂಡಿಗೆ 44,100 ಮಾದರಿ, ಪ್ರತಿ ಮಾದರಿಗೆ 2 ಬೈಟ್, ಎಡ ಬಲ ಎರಡು ವಾಹಿನಿ: ಒಟ್ಟು 1,76,400 ಬೈಟ್. ನಿಮಿಷಕ್ಕೆ ಸುಮಾರು 10.6 ಮೆಗಾಬೈಟ್. 44 ಬೈಟ್‌ನಲ್ಲಿ ಪಾಠ ಹಿಡಿಯದೆಂದು ಮಕ್ಕಳೇ ತೀರ್ಮಾನಿಸಿದರು.

ವಿವರಣೆ
ಸೌಂಡ್ ಜ್ಯೂಸರ್ ತೆರೆದು, ಆದ್ಯತೆಗಳಲ್ಲಿ ಕಡತದ ಬಗೆ ಮತ್ತು ಉಳಿಸುವ ಜಾಗ ಆರಿಸಿ, ಪಾಠಗಳಿಗೆ ಗುರುತು ಹಾಕಿ, ಹೊರತೆಗೆಯುವ ಗುಂಡಿ ಒತ್ತಿದೆವು. ಅಂತರಜಾಲ ಇಲ್ಲದ್ದರಿಂದ ಶೀರ್ಷಿಕೆಗಳನ್ನು ಮಕ್ಕಳೇ ಟೈಪ್ ಮಾಡಿದರು. ಇದರ ಒಳಗೆ ಕೆಲಸ ಮಾಡುವ ಸಿಡಿಪ್ಯಾರನೋಯ ಗೀರುಬಿದ್ದ ಭಾಗವನ್ನು ಮತ್ತೆ ಮತ್ತೆ ಓದಿ ಸರಿಪಡಿಸಲು ನೋಡುತ್ತದೆ; ಅಂಥ ಕಡೆ ವೇಗ ತಗ್ಗುವುದು ಅದಕ್ಕೇ.

ಫ್ಲ್ಯಾಕ್ ಬಗೆಯಲ್ಲಿ ಗಾತ್ರ ಕುಗ್ಗಿದರೂ ಧ್ವನಿಯ ಒಂದು ಅಂಕಿಯೂ ಕಳೆಯುವುದಿಲ್ಲ. 128 ಕಿಲೋಬಿಟ್‌ನ ಎಂಪಿ3 ನಿಮಿಷಕ್ಕೆ ಒಂದು ಮೆಗಾಬೈಟ್‌ಗಿಂತ ತುಸು ಕಡಿಮೆ. ಆದರೆ ಬಿಟ್ಟುಹೋದದ್ದು ಮರಳದು. ಫ್ಲ್ಯಾಕ್‌ನಿಂದ ಎಂಪಿ3 ಯಾವಾಗ ಬೇಕಾದರೂ ಮಾಡಬಹುದು. ಆದ್ದರಿಂದ ಕಾಪಿಡಲು ಫ್ಲ್ಯಾಕ್, ತರಗತಿಯಲ್ಲಿ ಕೇಳಿಸಲು ಎಂಪಿ3 ಎಂದು ನಿರ್ಧರಿಸಿದೆವು.

ವಿಸ್ತರಣೆ
"ಸಿನಿಮಾ ಹಾಡಿನ ಸಿ.ಡಿ. ಹೀಗೆ ಮಾಡಿ ಎಲ್ಲರಿಗೂ ಹಂಚಬಹುದಾ?" ಎಂದು ಒಬ್ಬ ಕೇಳಿದ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಬೋಧನೆಯ ಸಂದರ್ಭದಲ್ಲಿ ಶಿಕ್ಷಕರು, ವಿದ್ಯಾರ್ಥಿಗಳು ಮಾಡುವ ಪ್ರತಿಗೆ ವಿನಾಯಿತಿ ಕೊಡುತ್ತದೆ. ಊರಿಗೆಲ್ಲ ಹಂಚುವುದಕ್ಕೆ ಅಲ್ಲ ಎಂದು ವಿವರಿಸಿದೆ.

ಮೌಲ್ಯಮಾಪನ
1. 4 ನಿಮಿಷದ ಪಾಠಕ್ಕೆ ಸಂಕುಚಿಸದೆ ಎಷ್ಟು ಜಾಗ ಬೇಕು?
2. ಎಂಪಿ3ಯನ್ನು ಫ್ಲ್ಯಾಕ್ ಮಾಡಿದರೆ ಕಳೆದ ಧ್ವನಿ ಮರಳುವುದೇ? ಏಕೆ?

ಎರಡನೆಯ ಪ್ರಶ್ನೆಯೇ ತಿಳಿವಳಿಕೆಯ ನಿಜವಾದ ಪರೀಕ್ಷೆ.

ಸಹಪಾಠಿಗಳಿಗೆ ಸೂಚನೆ
ಡ್ರೈವ್ ಒಂದೇ ಇದ್ದರೆ ಹೊರತೆಗೆಯುವಿಕೆಯನ್ನು ಮೊದಲು ಆರಂಭಿಸಿ, ಅದು ನಡೆಯುತ್ತಿರುವಾಗಲೇ ಕಡತದ ಬಗೆಗಳ ಚರ್ಚೆ ಮಾಡಿಸಿ. ಕೊನೆಗೆ ಪ್ರತಿ ಕಡತವನ್ನೂ ಪೂರ್ತಿ ಕೇಳಿ ನೋಡಿ. ಅಲ್ಲಿಯವರೆಗೆ ಮೂಲ ಸಿ.ಡಿ.ಯನ್ನು ಎತ್ತಿಡಬೇಡಿ.