ಮ್ಯಾಂಡೇಟ್ ಇರುವುದು ನಮ್ಮ ಬ್ಯಾಂಕಿನಲ್ಲೇ

ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ 295 ರೂಪಾಯಿ ಕಡಿತ ಕಂಡರೆ, ಅದು ಬಹುತೇಕ ಕಂತು ವಾಪಸಾದದ್ದಕ್ಕೆ ಬಿದ್ದ ದಂಡ. ದಂಡ 250, ಅದರ ಮೇಲೆ ಶೇ 18ರ ಜಿಎಸ್‌ಟಿ 45. ಕೆಲವು ಬ್ಯಾಂಕುಗಳಲ್ಲಿ ಇದೇ 590 ಆಗುತ್ತದೆ. ಕಂತಿನ ದಿನ ಸಾಲದ ಕಂಪನಿ ನಮ್ಮ ಖಾತೆಯಿಂದ ಹಣ ಕೇಳುತ್ತದೆ. ಇದ್ದರೆ ಹೋಗುತ್ತದೆ, ಇಲ್ಲದಿದ್ದರೆ ವಾಪಸಾಗುತ್ತದೆ. ವಾಪಸಾದದ್ದಕ್ಕೆ ನಮ್ಮ ಬ್ಯಾಂಕಿನ ದಂಡ ಒಂದು, ಕಂಪನಿಯ ಬೌನ್ಸ್ ಚಾರ್ಜ್ ಇನ್ನೊಂದು. ಖಾತೆಯಲ್ಲಿ ದಂಡಕ್ಕೂ ಹಣವಿಲ್ಲದಿದ್ದರೆ ಅದು ಬಾಕಿ ನಿಲ್ಲುತ್ತದೆ. ಮುಂದೆ ಗೃಹಲಕ್ಷ್ಮಿಯ 2,000 ಜಮಾ ಆದ ದಿನ ಹೆಣ್ಣುಮಗಳು ಬ್ಯಾಂಕಿಗೆ ಹೋಗಿ ನಿಂತರೆ ಕೈಗೆ ಸಿಗುವುದು ಉಳಿದದ್ದು ಮಾತ್ರ.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಈ ದಂಡ ಮತ್ತೆ ಮತ್ತೆ ಬೀಳುವುದಕ್ಕೆ ಜನರ ಅಶಿಸ್ತು ಕಾರಣವಲ್ಲ. ಇಲ್ಲಿ ಜೂನ್‌ನಲ್ಲಿ ಬಿತ್ತಿದ ತೊಗರಿ ರಾಶಿಯಾಗುವುದು ಡಿಸೆಂಬರ್, ಜನವರಿಗೆ. ಕಬ್ಬಿನ ಬಿಲ್ಲು ಕಾರ್ಖಾನೆ ಕೊಟ್ಟಾಗ ಬಂತು. ಪುಣೆಗೋ ಮುಂಬೈಗೋ ದುಡಿಯಲು ಹೋದ ಮಗ ಹಣ ಹಾಕುವುದು ಮೇಸ್ತ್ರಿ ಪಗಾರ ಮಾಡಿದ ಮೇಲೆ. ಕಂತು ಮಾತ್ರ ಪ್ರತಿ ತಿಂಗಳು 5ಕ್ಕೆ, ಕೆಲವರಿಗೆ ವಾರಕ್ಕೊಮ್ಮೆ. 2025ರ ಸೆಪ್ಟೆಂಬರ್ ಕೊನೆಗೆ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಹೊಲಗಳಲ್ಲಿ ನೀರು ನಿಂತಾಗಲೂ ಕಂತಿನ ತಾರೀಖು ಬದಲಾಗಲಿಲ್ಲ.

ನನ್ನ ಖಾತೆಯಲ್ಲಿ ಆದದ್ದು ಇದಕ್ಕಿಂತ ಸ್ವಲ್ಪ ಬೇರೆ. ಮನೆ ಸಾಮಾನಿಗೆಂದು ಪಡೆದ ಸಣ್ಣ ಸಾಲವನ್ನು ತೊಗರಿ ಮಾರಿದ ಹಣದಲ್ಲಿ ಅವಧಿಗೆ ಮುಂಚೆಯೇ ತೀರಿಸಿದ್ದೆ. ಸಾಲ ಮುಗಿದ ಪತ್ರ ಕೈಯಲ್ಲಿತ್ತು. ಆದರೂ ಮುಂದಿನ ತಿಂಗಳು ಕಂತು ಹೋಯಿತು. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ, ಹಣ ತಾನಾಗಿ ವಾಪಸ್ ಬರುತ್ತದೆ ಎಂಬ ಉತ್ತರ. ಬರಲಿಲ್ಲ. ಅದರ ಮುಂದಿನ ತಿಂಗಳು ಮತ್ತೆ ಕೇಳಿದರು. ಖಾತೆಯಲ್ಲಿ ಅಷ್ಟು ಹಣವಿರಲಿಲ್ಲ, ವಾಪಸಾಯಿತು, ಇಲ್ಲದ ಸಾಲದ ಕಂತು ಬೌನ್ಸ್ ಆಯಿತೆಂದು ನನಗೆ ದಂಡ ಬಿತ್ತು. ಶಾಖೆಯಲ್ಲಿ ಕೇಳಿದಾಗ ಕೌಂಟರಿನವರು ಅಂದದ್ದು: "ಅದು ಕಂಪನಿ ಕಡಿಂದ ಆಗ್ಯಾದ್ರಿ, ನಮ್ಮ ಕೈಯಾಗ ಏನಿಲ್ಲ. ಅಲ್ಲೇ ಕೇಳ್ರಿ."

ಈ ಮಾತು ತಪ್ಪು. ಅದನ್ನು ಹೇಳುವುದಕ್ಕೇ ಈ ಅಂಕಣ.

ಕಂಪನಿಗೆ ನಮ್ಮ ಖಾತೆಯಿಂದ ಹಣ ತೆಗೆಯುವ ಅಧಿಕಾರ ಬರುವುದು ಮ್ಯಾಂಡೇಟ್ ಎಂಬ ಒಂದು ಚೀಟಿಯಿಂದ. ಸಾಲದ ದಿನ ಹತ್ತಾರು ಸಹಿಗಳ ನಡುವೆ ಅದಕ್ಕೂ ಸಹಿ ಹಾಕಿಸಿಕೊಂಡಿರುತ್ತಾರೆ. ಈಗ ಹಲವೆಡೆ ಕಾಗದವೂ ಇಲ್ಲ, ಆಧಾರ್‌ಗೆ ಜೋಡಿಸಿದ ಫೋನಿಗೆ ಬಂದ ಒಟಿಪಿ ಹೇಳಿದರೆ ಅದೇ ಸಹಿ. ನನ್ನ ಚೀಟಿಯ ಪ್ರತಿಯನ್ನು ತೆಗೆದು ನೋಡಿದೆ. ಅರ್ಧ ಹಾಳೆಯಷ್ಟೂ ಇಲ್ಲದ ಆ ಚೀಟಿಯಲ್ಲಿ ಸಣ್ಣ ಚೌಕಗಳಿವೆ. ನಿಗದಿತ ಮೊತ್ತವೋ ಗರಿಷ್ಠ ಮೊತ್ತವೋ ಎಂಬಲ್ಲಿ ಗರಿಷ್ಠಕ್ಕೆ ಗುರುತು, ಬರೆದಿದ್ದ ಅಂಕಿ ನನ್ನ ಕಂತಿಗಿಂತ ಎಷ್ಟೋ ದೊಡ್ಡದು. ತಿಂಗಳಿಗೊಮ್ಮೆಯೋ ಬೇಕಾದಾಗಲೋ ಎಂಬಲ್ಲಿ ಬೇಕಾದಾಗ ಎಂಬುದಕ್ಕೆ ಗುರುತು. ಕೊನೆಯ ತಾರೀಖು ಸಾಲ ಮುಗಿದು ಎಷ್ಟೋ ವರ್ಷಗಳ ಆಚೆ. ಒಂದೇ ತಿಂಗಳಲ್ಲಿ ಒಂದೇ ಕಂತನ್ನು ಮೂರು ಸಲ ಕೇಳಿ ಮೂರು ಸಲ ದಂಡ ಬೀಳಿಸುವುದು ಸಾಧ್ಯವಾಗುವುದು ಆ ಎರಡನೇ ಚೌಕದಿಂದ. ಸಾಲ ತೆಗೆಯುವವರು ಬಡ್ಡಿ ದರ ಕೇಳುತ್ತಾರೆ, ಕಂತು ಕೇಳುತ್ತಾರೆ. ಈ ಚೌಕಗಳನ್ನು ಯಾರೂ ತೋರಿಸುವುದಿಲ್ಲ.

ಆದರೆ ಆ ಚೀಟಿ ಜೀವಂತ ಇರುವುದು ನಮ್ಮ ಬ್ಯಾಂಕಿನಲ್ಲಿ. ಪ್ರತಿ ಮ್ಯಾಂಡೇಟಿಗೂ ಯುಎಂಆರ್‌ಎನ್ ಎಂಬ 20 ಅಕ್ಷರಗಳ ಸಂಖ್ಯೆ ಇರುತ್ತದೆ, ಶಾಖೆಯಲ್ಲಿ ಕೇಳಿದರೆ ತೆಗೆದುಕೊಡುತ್ತಾರೆ. ಆ ಸಂಖ್ಯೆ ಬರೆದು, ಇನ್ನು ಮುಂದೆ ಈ ಮ್ಯಾಂಡೇಟಿನ ಮೇಲೆ ಹಣ ಕೊಡಬೇಡಿ ಎಂದು ಖಾತೆದಾರರೇ ಅರ್ಜಿ ಕೊಡಬಹುದು. ಅರ್ಜಿ ಕೊಟ್ಟ ಮೇಲೂ ಹಣ ಹೋದರೆ ಏನು? ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ: ಗ್ರಾಹಕ ರದ್ದು ಮಾಡಿದ ಮೇಲೂ ಖಾತೆಯಿಂದ ಹಣ ಕಡಿತವಾದರೆ ಹೊಣೆ ಗ್ರಾಹಕನ ಬ್ಯಾಂಕಿನದು. ಮರುದಿನದೊಳಗೆ ಸರಿಪಡಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು.

ನಾನು ಬರೆದ ಅರ್ಜಿ ಒಂದು ಪುಟದ್ದು. ಖಾತೆ ಸಂಖ್ಯೆ, ಯುಎಂಆರ್‌ಎನ್, ಹಣ ಹೋದ ತಾರೀಖು, ದಂಡ ಬಿದ್ದ ತಾರೀಖು, ಸಾಲ ಮುಗಿದ ಪತ್ರದ ಜೆರಾಕ್ಸ್, ಸುತ್ತೋಲೆಯ ತಾರೀಖು. ಎರಡು ಪ್ರತಿ ಮಾಡಿ ಒಂದರ ಮೇಲೆ ಶಾಖೆಯ ಮೊಹರು, ಸಹಿ, ತಾರೀಖು ಹಾಕಿಸಿಕೊಂಡೆ. "ಇಟ್ಟು ಹೋಗ್ರಿ, ನೋಡ್ತೀವಿ" ಅಂದರು. ಮೊಹರು ಬೀಳದೆ ನಾನು ಕದಲಲಿಲ್ಲ. ಆಮೇಲೆ ಕಂತೂ ಹೋಗಲಿಲ್ಲ, ದಂಡವೂ ಬೀಳಲಿಲ್ಲ. ಕಡಿದ ಕಂತು, 295 ರೂಪಾಯಿ ಎರಡೂ ವಾಪಸ್ ಬಂದವು.

ಸಾಲ ಇನ್ನೂ ಬಾಕಿ ಇರುವವರು ಒಂದು ಮಾತು ಗಮನಿಸಬೇಕು. ಮ್ಯಾಂಡೇಟ್ ರದ್ದಾದರೆ ಸಾಲ ರದ್ದಾಗುವುದಿಲ್ಲ. ಹಣವಿಲ್ಲದೆ ಮ್ಯಾಂಡೇಟ್ ವಾಪಸಾದರೆ 2007ರ ಪಾವತಿ ವ್ಯವಸ್ಥೆ ಕಾಯ್ದೆಯ 25ನೇ ಕಲಮಿನಡಿ, ಚೆಕ್ ಬೌನ್ಸ್ ಆದಂತೆಯೇ, ಕೇಸು ಹಾಕಲು ಅವಕಾಶವಿದೆ. ಹಾಗಾಗಿ ರದ್ದು ಮಾಡುವ ಮೊದಲೇ, ಕಂತಿನ ತಾರೀಖು ಬದಲಿಸಿ ಎಂದೋ, ಕಂತು ಬೇರೆ ದಾರಿಯಲ್ಲಿ ಕಟ್ಟುತ್ತೇನೆ ಎಂದೋ ಕಂಪನಿಗೆ ಬರೆದು ಕೊಡಿ. ಕಟ್ಟಿದ್ದಕ್ಕೆಲ್ಲ ರಸೀದಿ ಇಟ್ಟುಕೊಳ್ಳಿ.

ಮೊಬೈಲ್ ಆ್ಯಪ್‌ಗಳ ಸಾಲ ಇದಕ್ಕಿಂತ ಕೆಟ್ಟದ್ದು. ವಾರದ ಮಟ್ಟಿಗೆ ಎಂದು ಕೊಡುತ್ತಾರೆ, ಕೊಡುವಾಗಲೇ ಫೀ ಎಂದು ಹಿಡಿದುಕೊಳ್ಳುತ್ತಾರೆ, ಫೋನಿನಲ್ಲಿರುವ ನಂಟರ ನಂಬರುಗಳನ್ನೆಲ್ಲ ಎಳೆದುಕೊಂಡು ಬೀಗರಿಗೂ ಫೋನ್ ಮಾಡುತ್ತಾರೆ. ಆ್ಯಪ್‌ಗಳು ಫೋನಿನ ಸಂಪರ್ಕ ಪಟ್ಟಿ, ಕರೆಗಳ ವಿವರ, ಫೋಟೊಗಳನ್ನು ಮುಟ್ಟಬಾರದೆಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಸಾಲದ ಒಟ್ಟು ಖರ್ಚನ್ನು ಒಂದೇ ಪತ್ರದಲ್ಲಿ ಬರೆದು ಕೊಡಬೇಕೆಂದೂ ಹೇಳಿದೆ. ಆ ಪತ್ರ ಕೊಡದ ಆ್ಯಪ್‌ನಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬಾರದು. ನಿಮಗೆ ಗೊತ್ತಿಲ್ಲದೆ ಖಾತೆಯಿಂದ ಹಣ ಹೋದರೆ 1930ಕ್ಕೆ ಆ ಕ್ಷಣವೇ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. 2017ರ ಜುಲೈ 6ರ ಸುತ್ತೋಲೆಯಂತೆ, ನಿಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಹೊರಗಿನವರಿಂದ ಹಣ ಹೋದಾಗ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಷ್ಟ ನಿಮ್ಮದಲ್ಲ. ದೂರು ಕೊಟ್ಟ ಹತ್ತು ಕೆಲಸದ ದಿನಗಳಲ್ಲಿ ಬ್ಯಾಂಕು ಆ ಹಣವನ್ನು ಖಾತೆಗೆ ಹಾಕಬೇಕು.

ಮನೆಗೆ ಬಂದು ಬೆದರಿಸುವವರ ವಿರುದ್ಧ ಈಗ ರಾಜ್ಯದ ಕಾನೂನೂ ಇದೆ. ಕಿರುಸಾಲ ಕಿರುಕುಳ ತಡೆಯ ಸುಗ್ರೀವಾಜ್ಞೆ 2025ರ ಫೆಬ್ರುವರಿ 12ರಂದು ಬಂತು, ಆಮೇಲೆ ಕಾಯ್ದೆಯಾಯಿತು. ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಇದರಿಂದ ಎಲ್ಲ ಸಾಲವೂ ಮನ್ನಾ ಆಯಿತೆಂದು ಕೆಲವರು ತಿಳಿದಿದ್ದಾರೆ, ಅದು ಸರಿಯಲ್ಲ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಯ ಸಾಲ ಸಾಲವೇ.

ಇನ್ನು ಕನಿಷ್ಠ ಶಿಲ್ಕಿನ ದಂಡ. ಆ ದಂಡವೊಂದರಿಂದಲೇ ಖಾತೆ ಸೊನ್ನೆಗಿಂತ ಕೆಳಗೆ ಇಳಿಯಬಾರದೆಂಬ ನಿಯಮ 2015ರ ಏಪ್ರಿಲ್‌ನಿಂದ ಇದೆ. ಜನಧನ ಖಾತೆಗೆ ಕನಿಷ್ಠ ಶಿಲ್ಕೇ ಬೇಡ. ಅದಕ್ಕಿಂತ ಮುಖ್ಯವಾದದ್ದು, ಸರಿಯಾಗಿ ನಡೆದ ಜನಧನ ಖಾತೆಗೆ 10,000 ರೂಪಾಯಿವರೆಗೆ ಓವರ್‌ಡ್ರಾಫ್ಟ್ ಕೇಳಬಹುದು, ಅದರಲ್ಲಿ 2,000ದವರೆಗೆ ಷರತ್ತಿಲ್ಲ. ಬಿತ್ತನೆ ಹೊತ್ತಿನಲ್ಲಿ ಆ್ಯಪ್‌ನಿಂದ ಎರಡು ಸಾವಿರ ತೆಗೆಯುವವರಿಗೆ ಈ ದಾರಿ ಇದೆಯೆಂದು ಎಷ್ಟು ಶಾಖೆಗಳು ಹೇಳುತ್ತಿವೆ?

ಬ್ಯಾಂಕು ಮೂವತ್ತು ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಚಂಡೀಗಢದ ಕೇಂದ್ರಕ್ಕೆ ಕನ್ನಡದಲ್ಲೇ ಬರೆದು ಅಂಚೆಯಲ್ಲಿ ಕಳಿಸಿದರೂ ತೆಗೆದುಕೊಳ್ಳುತ್ತಾರೆ, ವಕೀಲರು ಬೇಡ, ಫೀ ಇಲ್ಲ. ಮೊಹರು ಬಿದ್ದ ಆ ಪ್ರತಿ ಬೇಕಾಗುವುದು ಇಲ್ಲಿಯೇ.

ಆದರೆ ಇಷ್ಟು ದೂರ ಹೋಗಬೇಕಾದ ಪ್ರಸಂಗವೇ ಬರಬಾರದು. ಮ್ಯಾಂಡೇಟ್ ರದ್ದತಿಯ ಅರ್ಜಿ ಕನ್ನಡದಲ್ಲಿ ಅಚ್ಚಾಗಿ, ಹಣ ತುಂಬುವ ಚಲನ್ ಇಡುವ ಜಾಗದಲ್ಲೇ ಇರಬೇಕು. ಮೂರೂ ತಾಲ್ಲೂಕುಗಳ ಬ್ಯಾಂಕರುಗಳ ಸಭೆ ಮೂರು ತಿಂಗಳಿಗೊಮ್ಮೆ ನಡೆಯುತ್ತದೆ, ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್ ಅದನ್ನು ಕರೆಯುತ್ತಾರೆ. ಸ್ವಸಹಾಯ ಸಂಘಗಳು, ರೈತ ಸಂಘಟನೆಗಳು ಮುಂದಿನ ಸಭೆಗೆ ಮುಂಚೆ ಈ ಒಂದು ಬೇಡಿಕೆಯನ್ನು ಬರೆದು ಅವರ ಕೈಗೆ ಕೊಡಲಿ.