ಮೋಟಾರು ವಾಹನದಲ್ಲಿ ಸುಟ್ಟ ರಬ್ಬರಿನ ವಾಸನೆ: ಕಾರಣವೂ ಪರಿಹಾರವೂ

ಗಾಡಿಯ ಅಚ್ಚಿನಲ್ಲಿ ಕೀಲೆಣ್ಣೆ ಒಣಗಿದರೆ ಅದರ ಕಿರುಗುಟ್ಟುವಿಕೆಯಿಂದಲೇ ನಮ್ಮ ಹಿರಿಯರು ತಿಳಿಯುತ್ತಿದ್ದರು. ಮೋಟಾರು ವಾಹನವು ತನ್ನ ಬೇನೆಯನ್ನು ಅನೇಕ ವೇಳೆ ವಾಸನೆಯಿಂದ ತಿಳಿಸುವುದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಕಾರು, ಜೀಪುಗಳನ್ನು ಇಟ್ಟುಕೊಂಡಿರುವ ಗ್ರಾಮ ಮುಖ್ಯಸ್ಥರೂ ಜಮೀನಿನ ಒಡೆಯರೂ ಈ ವಾಸನೆಯ ಭೇದಗಳನ್ನು ಅರಿತಿರುವುದು ಅವಶ್ಯ. ಏಕೆಂದರೆ ಸಣ್ಣ ರಿಪೇರಿಯಿಂದ ಮುಗಿಯತಕ್ಕ ಕೆಲಸವು ಉದಾಸೀನದಿಂದ ವಾಹನವೇ ಉರಿದುಹೋಗುವವರೆಗೆ ಬೆಳೆಯಬಹುದು.

ರಬ್ಬರಿಗೆ ಗಂಧಕವನ್ನು ಬೆರೆಸಿ ಕಾಯಿಸಿ ಗಟ್ಟಿ ಮಾಡುವ ಕ್ರಮವನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬಾತನು 1839ರಲ್ಲಿ ಕಂಡುಹಿಡಿದನು. ಬೆಲ್ಟು, ಟಯರುಗಳೆಲ್ಲ ಇಂತಹ ರಬ್ಬರಿನವೇ. ಇವು ಮಿತಿಮೀರಿ ಕಾದಾಗ ಮೂಗನ್ನು ಕೊರೆಯುವ ಆ ಕಟುವಾಸನೆಯು ಹುಟ್ಟುವುದು.

ವಾಸನೆ ಬಂದೊಡನೆ ವಾಹನವನ್ನು ರಸ್ತೆಯ ಬದಿಗೆ, ಒಣಹುಲ್ಲಿಲ್ಲದ ಜಾಗದಲ್ಲಿ ನಿಲ್ಲಿಸಿ, ಎಂಜಿನನ್ನು ಆರಿಸಿ, ಒಳಗಿದ್ದವರೆಲ್ಲ ಇಳಿಯತಕ್ಕದ್ದು. ಹೊಗೆಯು ಬಾನೆಟ್ಟಿನ ಸಂದಿನಿಂದ ಬರುತ್ತಿದ್ದರೆ ಅದನ್ನು ಪೂರ್ತಿಯಾಗಿ ಎತ್ತಬಾರದು. ಗಾಳಿ ನುಗ್ಗಿ ಬೆಂಕಿಯು ಭುಗಿಲೇಳುವುದು. ದೂರ ಸರಿದು 112ಕ್ಕೆ ಕರೆ ಮಾಡಬೇಕು. ಹೊಗೆ ಇಲ್ಲದಿದ್ದರೆ, ವಾಸನೆಯು ಯಾವ ಕಾಲದಲ್ಲಿ ಬಂದಿತೆಂಬುದನ್ನು ಜ್ಞಾಪಿಸಿಕೊಳ್ಳಬೇಕು. ಅರ್ಧ ರೋಗನಿದಾನವು ಅದರಲ್ಲಿಯೇ ಇದೆ.

ಎಂಜಿನನ್ನು ಚಾಲೂ ಮಾಡಿದೊಡನೆ ಕೀಚೆಂಬ ಶಬ್ದವೂ ವಾಸನೆಯೂ ಒಟ್ಟಿಗೆ ಬಂದರೆ ದೋಷವು ಬೆಲ್ಟಿನದು. ಸಡಿಲವಾದ ಬೆಲ್ಟು ಗಾಲಿಯ ಮೇಲೆ ಜಾರಿ ಕಾಯುವುದು. ಎಂಜಿನು ನಿಂತು ತಣ್ಣಗಾದ ಮೇಲೆ, ಎರಡು ಗಾಲಿಗಳ ನಡುವೆ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿರಿ. ಹಳೆಯ ಮಾದರಿಯ ವಾಹನಗಳಲ್ಲಿ ಅದು ಸುಮಾರು ಅರ್ಧ ಅಂಗುಲ ತಗ್ಗುವುದು ಸರಿ. ಅದಕ್ಕೂ ಹೆಚ್ಚು ತಗ್ಗಿದರೆ ಬಿಗಿ ಮಾಡಿಸಬೇಕು. ಅಂಚು ಹರಿದು, ಒಳಮೈ ಹೊಳಪೇರಿದ ಬೆಲ್ಟನ್ನು ಬಿಗಿ ಮಾಡಿ ಪ್ರಯೋಜನವಿಲ್ಲ, ಬದಲಾಯಿಸುವುದೇ ಲೇಸು. ಬೆಲ್ಟಿಗೆ ಎಣ್ಣೆಯನ್ನಾಗಲಿ ಸೋಪನ್ನಾಗಲಿ ಹಚ್ಚಿ ಶಬ್ದ ನಿಲ್ಲಿಸುವ ಪದ್ಧತಿಯು ಪಂಪುಸೆಟ್ಟಿನವರಲ್ಲಿಯೂ ಉಂಟು. ಅದು ರೋಗವನ್ನು ಮುಚ್ಚಿಡುವುದೇ ಹೊರತು ವಾಸಿ ಮಾಡದು. ಹೊಸ ಬೆಲ್ಟೂ ಬೇಗನೆ ಸುಟ್ಟರೆ, ಅದು ತಿರುಗಿಸುವ ಯಾವುದೋ ಗಾಲಿಯ ಬೇರಿಂಗು ಹಿಡಿದುಕೊಂಡಿರುವುದೆಂದು ತಿಳಿಯಬೇಕು.

ಕೆಲವು ಮೈಲಿ ಓಡಿದ ಮೇಲೆ ಒಂದು ಚಕ್ರದ ಬಳಿ ಮಾತ್ರ ವಾಸನೆ ಬಂದರೆ ಬ್ರೇಕು ಬಿಡದೆ ಹಿಡಿದಿರಬಹುದು, ಇಲ್ಲವೆ ಹ್ಯಾಂಡ್ ಬ್ರೇಕನ್ನು ಇಳಿಸಲು ಮರೆತಿರಬಹುದು. ಮುಟ್ಟದೆ, ಅಂಗೈಯ ಹಿಂಭಾಗವನ್ನು ಪ್ರತಿ ಚಕ್ರದ ಸಮೀಪ ಹಿಡಿದರೆ ಯಾವುದು ಹೆಚ್ಚು ಕಾದಿದೆಯೆಂದು ಗೊತ್ತಾಗುವುದು. ಕಾದ ಡ್ರಮ್ಮಿಗೆ ನೀರೆರಚಬಾರದು, ಅದು ಬಿರಿಯುವುದು. ಚನ್ನಗಿರಿಯ ಕಡೆ ಅಡಿಕೆಯ ಮೂಟೆಗಳನ್ನು ಮಿತಿಮೀರಿ ಹೇರಿದಾಗ ಟಯರು ಮಡ್‌ಗಾರ್ಡಿಗೆ ಉಜ್ಜಿ ಇದೇ ವಾಸನೆ ಬರುವುದುಂಟು. ಟಯರಿನ ಮೇಲೆ ಉಜ್ಜಿದ ಗುರುತು ಕಾಣುವುದು. ಹೊನ್ನಾಳಿಯ ಗದ್ದೆಬಯಲಿನ ಕೆಸರಿನಲ್ಲಿ ಹೂತ ವಾಹನವನ್ನು ಎಬ್ಬಿಸುವಾಗ ಬರುವ, ಸುಟ್ಟ ಕಾಗದದಂತಹ ವಾಸನೆಯು ಕ್ಲಚ್ಚಿನದು. ಅರ್ಧ ಕ್ಲಚ್ಚಿನಲ್ಲಿ ಹೆಣಗಾಡುವುದನ್ನು ಬಿಟ್ಟು ಹಗ್ಗ ಕಟ್ಟಿ ಎಳೆಸುವುದು ಮೇಲು.

ವೈರು ಸುಟ್ಟ ವಾಸನೆಯು ಪ್ಲಾಸ್ಟಿಕ್ಕಿನದನ್ನು ಹೋಲುವುದು. ಮೆಕ್ಕೆಜೋಳದ ರಾಶಿಯ ಪಕ್ಕದಲ್ಲಿ ವಾಹನವನ್ನು ನಿಲ್ಲಿಸುವವರು ಇಲಿಗಳನ್ನು ಮರೆಯಬಾರದು. ಅವು ಬೆಚ್ಚಗಿರುವ ಎಂಜಿನಿನ ಮೇಲೆ ಗೂಡು ಮಾಡಿ ವೈರುಗಳನ್ನು ಕಡಿಯುವುವು. ಸುಟ್ಟ ಫ್ಯೂಸಿನ ಸ್ಥಳದಲ್ಲಿ ದಪ್ಪ ತಂತಿಯನ್ನು ಹಾಕುವುದು ಬೆಂಕಿಗೆ ಆಹ್ವಾನವಿತ್ತಂತೆ.

ಇವೆಲ್ಲಕ್ಕಿಂತ ಅಪಾಯಕರವಾದ ಕಾರಣವು ನಮ್ಮ ಕೈಯಿಂದಲೇ ಆಗತಕ್ಕದ್ದು. ಜಗಳೂರಿನಂತಹ ಒಣಬೇಸಾಯದ ಸೀಮೆಯಲ್ಲಿಯೂ ಇತರೆಡೆಗಳಲ್ಲಿಯೂ ಸುಗ್ಗಿಯ ದಿನಗಳಲ್ಲಿ ಹುರುಳಿ, ತೊಗರಿ, ರಾಗಿಗಳನ್ನು ಡಾಂಬರು ರಸ್ತೆಯ ಮೇಲೆ ಹರಡಿ, ಹಾಯ್ದುಹೋಗುವ ವಾಹನಗಳಿಂದ ಒಕ್ಕಣೆ ಮಾಡಿಸುವ ರೂಢಿ ಇದೆ. ಅದರಲ್ಲಿಯೂ ಹುರುಳಿಯ ಬಳ್ಳಿಯು ಚಕ್ರದ ಅಚ್ಚಿಗೂ ಸೈಲೆನ್ಸರಿನ ಕೊಳವೆಗೂ ಹಗ್ಗದಂತೆ ಸುತ್ತಿಕೊಳ್ಳುವುದು. ಕೊಳವೆಯ ಶಾಖವು ನೂರಾರು ಡಿಗ್ರಿಗೆ ಏರುವುದರಿಂದ ಒಣಬಳ್ಳಿಯು ಮೊದಲು ಕಮರಿ, ಬಳಿಕ ಹೊತ್ತಿ, ಸಮೀಪದ ರಬ್ಬರು ಕೊಳವೆಗಳನ್ನೂ ವೈರುಗಳನ್ನೂ ಸುಡುವುದು. 2020ನೆಯ ಏಪ್ರಿಲ್‌ನಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮಕ್ಕೆ ಒಳಪಟ್ಟ ಅನೇಕ ಡೀಸೆಲ್ ವಾಹನಗಳಲ್ಲಿ ಮಸಿಯನ್ನು ಹಿಡಿಯುವ ಸೋಸಣಿಗೆ ಇದೆ. ಅದು ಆಗಾಗ್ಗೆ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುವಾಗ ಒಳಗಿನ ಶಾಖವು ಸುಮಾರು 600 ಡಿಗ್ರಿ ಸೆಂಟಿಗ್ರೇಡಿಗೆ ಮುಟ್ಟುವುದರಿಂದ ಇವುಗಳ ಒಡೆಯರು ಇನ್ನೂ ಹೆಚ್ಚು ಜಾಗರೂಕರಾಗಿರಬೇಕು.

ಆದುದರಿಂದ ಒಕ್ಕಣೆಯ ರಸ್ತೆಯನ್ನು ದಾಟಿದ ಮೇಲೆ ವಾಸನೆ ಬಂದರೆ ಬಾನೆಟ್ಟನ್ನು ನೋಡುವುದಕ್ಕೆ ಮುಂಚೆ ವಾಹನದ ಅಡಿಯನ್ನು ನೋಡಿರಿ. ಚಕ್ರಗಳಿಗೆ ಕಲ್ಲು ಕೊಟ್ಟು, ಕೊಳವೆಯು ಆರಿದ ಮೇಲೆ, ಬಳ್ಳಿಯನ್ನು ಕುಡುಗೋಲಿನಿಂದ ಕತ್ತರಿಸಿ ತೆಗೆಯಬೇಕು. ಕೇವಲ ಜಾಕಿನ ಮೇಲೆ ನಿಂತ ವಾಹನದ ಕೆಳಗೆ ಯಾರೂ ನುಸುಳಕೂಡದು. ಒಣಪುಡಿಯ ಅಗ್ನಿಶಾಮಕ ಸಿಲಿಂಡರೊಂದನ್ನು ಸೀಟಿನ ಕೆಳಗೆ ಇಟ್ಟಿರುವುದು ಉತ್ತಮ.

ಊರಿನ ಕಣಗಳು ಮನೆಗಳಿಗೂ ತೋಟಗಳಿಗೂ ಸೇರಿಹೋದುದರಿಂದ ರಸ್ತೆಯೇ ಗತಿಯೆಂದು ರೈತರು ಹೇಳುವುದರಲ್ಲಿ ಸತ್ಯಾಂಶವಿದೆ. ಗ್ರಾಮ ಮುಖ್ಯಸ್ಥರು ಮುಂದಿನ ಸುಗ್ಗಿಗೆ ಮೊದಲೇ ಪಂಚಾಯಿತಿಯಲ್ಲಿ ವಿಷಯವನ್ನೆತ್ತಿ, ಊರೊಟ್ಟಿನ ಒಕ್ಕಣೆ ಕಣಕ್ಕೆ ಒಂದು ತುಂಡು ಜಾಗವನ್ನು ಗೊತ್ತುಮಾಡಿಸಬೇಕಾಗಿದೆ.